ಎಲ್ಲಿಗೆ ಹೊರಟೆ ಅಂತ ಕೇಳಬೇಡಿ

"ಗಾಡಿಗೆ ಸ್ಟೀರಿಂಗೇ ಇಲ್ಲವಲ್ಲೋ!" ಎಂದರು ನಿವೃತ್ತ ಪೋಸ್ಟ್ ಮಾಸ್ಟರ್ ಪರಮಶಿವಯ್ಯ.

"ಸ್ಟೀರಿಂಗ್ ಯಾಕ್ರೀ? ಇದಕ್ಕೆ ಬುದ್ಧಿ ಇದೆ!" ಎಂದ ಮರುಳಪ್ಪ.

ಅರಸೀಕೆರೆಯ ನೀರಿನ ಟ್ಯಾಂಕ್ ಬೀದಿಯವರೆಲ್ಲ ಆ ಬೆಳಿಗ್ಗೆ ಅವನ ಮನೆ ಮುಂದೆ ಸೇರಿದ್ದರು. ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಮೇಲೆ ಮರುಳಪ್ಪ ಕಟ್ಟಿದ ಯಂತ್ರಗಳನ್ನೆಲ್ಲ ಬೀದಿ ನೋಡಿತ್ತು. ಅವನ ಚಪಾತಿ ಯಂತ್ರ ಎಸೆದ ಮೊದಲ ಚಪಾತಿ ಇನ್ನೂ ಟ್ಯಾಂಕಿಗೆ ಅಂಟಿಕೊಂಡೇ ಇದೆ! ಆದರೆ ಈ ಸಲದ್ದು ಕುಮುದಳಿಗಾಗಿ ಮಾಡಿದ ಗಾಡಿ. ಹಾಗಾಗಿ ಯಾರೂ ನಗಲಿಲ್ಲ.

ಕುಮುದ ಪಕ್ಕದ ಮನೆಯವಳು. ಮಗುವಾಗಿದ್ದಾಗಲೇ ಪೋಲಿಯೋದಿಂದ ಎರಡೂ ಕಾಲು ಸೋತಿದ್ದವು. ಬೀದಿಯ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದ್ದು ಅವಳೇ. ಆದರೆ ಅವಳು ಮನೆ ಬಿಟ್ಟು ಹೊರಡಬೇಕಾದರೆ ಮೊದಲು ಎತ್ತಿ ಕೂರಿಸುವವರಿಗೆ ಹೇಳಬೇಕು, ಆಮೇಲೆ ಆಟೋದವನಿಗೆ, ಆಮೇಲೆ ಜೊತೆಗೆ ಬರುವವರಿಗೆ. ಅಷ್ಟರಲ್ಲಿ ಹೋಗುವ ಆಸೆಯೇ ಹಳಸಿಹೋಗುತ್ತಿತ್ತು. ಯಾರಿಗೂ ಹೇಳದೆ, ಯಾರ ಕೈಯಲ್ಲೂ ಕೇಳಿಸಿಕೊಳ್ಳದೆ, ಒಂದು ಸಲ ತನ್ನಷ್ಟಕ್ಕೆ ಹೋಗಿಬರಬೇಕು. ಅವಳಿಗಿದ್ದ ಆಸೆ ಇಷ್ಟೇ. ಎಲ್ಲಿಗೆ ಎನ್ನುವುದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲ.

ಹಳೇ ಟೆಂಪೋದ ಹಿಂಬಾಗಿಲು ತೆರೆಯಿತು. ಎರಡು ಕಬ್ಬಿಣದ ತೋಳುಗಳು ಹೊರಬಂದು ಅವಳನ್ನು ಗಾಲಿಕುರ್ಚಿಯ ಸಮೇತ ಮೆತ್ತಗೆ ಎತ್ತಿ ಒಳಗಿಟ್ಟವು. ಜನ ಚಪ್ಪಾಳೆ ತಟ್ಟಿದರು.

"ಹೋಗೋ ಜಾಗ ಬಾಯಿಬಿಟ್ಟು ಹೇಳೋದೂ ಬೇಡ ಕಣಮ್ಮ. ಈ ನಕ್ಷೆ ಮೇಲೆ ಬೆರಳಿಡು, ಸಾಕು. ಒಂದು ವರ್ಷ ಊರೆಲ್ಲ ಸುತ್ತಿಸಿದ್ದೀನಿ. ಮನುಷ್ಯರು ಹೆಂಗೆ ಓಡಾಡ್ತಾರೋ ನೋಡಿ, ಹಂಗೇ ಕಲಿತಿದೆ!"

ಕುಮುದ ಬೆರಳಿಟ್ಟಳು. ಗಾಡಿ ಹೊರಟಿತು. ಟ್ಯಾಂಕ್ ದಾಟಿತು. ಬೀದಿಯ ತಿರುವು ಹತ್ತಿರ ಬಂತು. ಅದರಾಚೆ ಏನು ಕಾಣುತ್ತದೋ ಎಂದು ಅವಳು ಕತ್ತು ಚಾಚಿದಳು.

"ಒಬ್ಳೇ ಎಲ್ಲಿಗವ್ವ ಹೊರಟೆ?" ಎಂದಳು ತಿರುವಿನಲ್ಲಿ ಕೂತಿದ್ದ ಹೂವಿನ ಜಯಮ್ಮ.

ಗಾಡಿ ನಿಂತಿತು. ಒಂದು ಕ್ಷಣ ಯೋಚಿಸಿತು. ಗಿರ್ರನೆ ತಿರುಗಿ ವಾಪಸ್ ಬಂದು, ಅವಳನ್ನು ಮರುಳಪ್ಪನ ಜಗಲಿಯ ಮೇಲಿಳಿಸಿ, ತಗಡಿನ ದನಿಯಲ್ಲಿ ಹೇಳಿತು: "ಸ್ವಲ್ಪ ಕೂತು, ನೀರು ಕುಡಿದು ಹೊರಡಿ."

ಅವಳು ಕುಡಿದು ಹೊರಟಳು. ಈ ಸಲ ಕ್ಷೌರದಂಗಡಿಯವನು, "ಯಾವ ಕಡೆ ಸವಾರಿ?" ಎಂದ. ವಾಪಸ್, ನೀರು! ಮತ್ತೆ ಹೊರಟರೆ ಹಾಲಿನವನು. ಮತ್ತೆ ವಾಪಸ್, ಮತ್ತೆ ನೀರು! ಮಧ್ಯಾಹ್ನದ ಹೊತ್ತಿಗೆ ಅವಳು ಕುಡಿದ ನೀರನ್ನು ಇಡೀ ಬೀದಿಯ ನಲ್ಲಿಗಳಿಗೆ ಬಿಡಬಹುದಿತ್ತು.

ಮರುಳಪ್ಪ ಇಂಜಿನ್ನಿನೊಳಗೆ ತಲೆ ತೂರಿಸಿ ತಂತಿಗಳನ್ನು ಎಳೆಯುತ್ತಿದ್ದ. ಕುಮುದಳಿಗೆ ಬೇಸರಕ್ಕಿಂತ ಕುತೂಹಲವೇ ಜಾಸ್ತಿಯಾಗಿತ್ತು.

"ಅಣ್ಣ, ಇದಕ್ಕೆ ಕಲಿಸುವಾಗ ಹಿಂದಿನ ಸೀಟಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲವಲ್ಲ. ಅಮ್ಮ ಒಬ್ಬಳಿದ್ದಳು."

ಇಬ್ಬರೂ ಜಗಲಿಯ ಕಡೆ ತಿರುಗಿದರು. ಅಲ್ಲಿ ಮರುಳಪ್ಪನ ತಾಯಿ ಗಂಗಜ್ಜಿ ಅಡಿಕೆ ಕುಟ್ಟುತ್ತಿದ್ದಳು.

"ಏನ್ರೋ ಹಂಗೆ ನೋಡ್ತೀರಾ? ಹೊರಟವರನ್ನ ಎಲ್ಲಿಗೆ ಅಂತ ಕೇಳಿದ ಮೇಲೆ ಹೋದ ಕೆಲಸ ಆಗುತ್ತಾ? ತಿರುಗಿ ಬಂದು ನೀರು ಕುಡಿದೇ ಹೋಗಬೇಕು. ನೋಡು ಮರುಳ, ನಿನಗೆ ಅರವತ್ತು ವರ್ಷದಲ್ಲಿ ಬರದ ಬುದ್ಧಿ ಅದಕ್ಕೆ ಒಂದೇ ವರ್ಷಕ್ಕೆ ಬಂತು!"

ಅಜ್ಜಿಯ ಶಕುನಗಳನ್ನೆಲ್ಲ ಗಾಡಿ ಕಲಿತಿತ್ತು. ಬೆಕ್ಕು ಅಡ್ಡ ಬಂದರೆ ನಿಲ್ಲುತ್ತಿತ್ತು, ಒಂಟಿ ಸೀನಿಗೂ ನಿಲ್ಲುತ್ತಿತ್ತು. ವಿಧವೆ ಎದುರು ಬಂದರೆ ಮಾತ್ರ ನಿಲ್ಲುತ್ತಿರಲಿಲ್ಲ. ಹಿಂದೆ ಕೂತು ಕಲಿಸಿದವಳೇ ವಿಧವೆ.

"ಎಲ್ಲಾ ಅಳಿಸಿ ಹೊಸದಾಗಿ ಕಲಿಸ್ತೀನಿ. ಇನ್ನೊಂದು ವರ್ಷ ತಡ್ಕೊಳ್ಳಮ್ಮ" ಎಂದ ಮರುಳಪ್ಪ.

"ತಡೆಯಲ್ಲ ಅಣ್ಣ. ಗಾಡಿದೇನು ತಪ್ಪು? ಕೇಳೋರಿಗೆ ಕಲಿಸೋಣ."

"ಅಯ್ಯೋ ತಾಯಿ, ಗಾಡಿಗಾದ್ರೆ ಬುದ್ಧಿ ಇಟ್ಟಿದ್ದೀನಿ. ಬೀದಿಗೆ ಎಲ್ಲಿಂದ ತರಲಿ?"

ಕುಮುದ ಮನೆಮನೆಗೂ ಹೇಳಿಕಳಿಸಿದಳು: ನಾನು ಹೊರಟಾಗ ದಯವಿಟ್ಟು ಎಲ್ಲಿಗೆ ಅಂತ ಕೇಳಬೇಡಿ. ಎಲ್ಲರೂ ಒಪ್ಪಿದರು. ಮಾರನೇ ದಿನ ಪರಮಶಿವಯ್ಯ ಹಲ್ಲುಪುಡಿಯ ನೊರೆ ತುಂಬಿದ ಬಾಯಲ್ಲೇ ಗಾಡಿಗೆ ಅಡ್ಡ ನಿಂತರು.

"ಎಲ್ಲಿಗೆ ಅಂತ ನಾನು ಕೇಳ್ತಿಲ್ಲಮ್ಮ! ಎಷ್ಟು ಹೊತ್ತಿಗೆ ಬರ್ತೀಯ, ಅಷ್ಟೇ. ಜೊತೆಗೆ ಯಾರಿದ್ದಾರೆ, ಅಷ್ಟೇ."

ಗಾಡಿ ಈ ಸಲ ಕೂಡಲೇ ತಿರುಗಲಿಲ್ಲ. ತೋಳುಗಳು ಹೊರಬಂದವು. ಪೋಸ್ಟ್ ಮಾಸ್ಟರನ್ನು ಟವೆಲ್ಲಿನ ಸಮೇತ ಎತ್ತಿ ಕುಮುದಳ ಪಕ್ಕ ಕೂರಿಸಿಕೊಂಡ ಮೇಲೆಯೇ ಅದು ಮನೆಯ ಕಡೆ ತಿರುಗಿದ್ದು.

"ಮತ್ತೇನು! ಹೇಳಿದರೂ ಕೇಳದೆ ಅಡ್ಡ ಬಂದವರನ್ನ ನಾನೂ ಕೈ ಹಿಡಿದು ಎಳ್ಕೊಂಡು ಬಂದು ನೀರು ಕುಡಿಸ್ತಿದ್ದೆ" ಎಂದಳು ಗಂಗಜ್ಜಿ ಹೆಮ್ಮೆಯಿಂದ.

ಸಂಜೆಯೊಳಗೆ ಜಗಲಿ ತುಂಬಿತು. ಬುಟ್ಟಿಯ ಜೊತೆ ಜಯಮ್ಮ. ಕತ್ತರಿ ಹಿಡಿದ ಕ್ಷೌರದವನು, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ. ಎಲ್ಲರೂ ಸಾಲಾಗಿ ಕೂತು ನೀರು ಕುಡಿದರು.

"ಎತ್ತೋ ಮುಂಚೆ ಒಂದು ಮಾತು ಕೇಳಬಾರದೇನಮ್ಮ?" ಎಂದು ಪರಮಶಿವಯ್ಯ ಗೊಣಗಿದರು. "ಮೂಟೆ ಎತ್ತಿದ ಹಾಗೆ ಎತ್ತಿಬಿಡ್ತು!"

"ನನ್ನನ್ನೂ ಯಾರೂ ಕೇಳ್ತಿರಲಿಲ್ಲ ಸಾರ್" ಎಂದಳು ಕುಮುದ.

ಪರಮಶಿವಯ್ಯ ತಾವೇ ಕೇಳಿ ಇನ್ನೊಂದು ಲೋಟ ನೀರು ಕುಡಿದರು.

ಭಾನುವಾರ ಅವಳು ಮತ್ತೆ ಹೊರಟಳು. ಪರಮಶಿವಯ್ಯ ಟವೆಲ್ ಬಾಯಿಗೆ ತುರುಕಿಕೊಂಡರು. ಜಯಮ್ಮ ಬುಟ್ಟಿಯೊಳಗೆ ಮುಖ ಹುದುಗಿಸಿದಳು. ಕ್ಷೌರದವನು ಗಿರಾಕಿಯ ಬಾಯಿಗೂ ಸೋಪು ಬಳಿದ. ಬಾಗಿಲಲ್ಲಿ ನಿಂತ ಕುಮುದಳ ತಾಯಿ ಬಾಯಿ ತೆರೆದಳು.

"ಹುಷಾರು" ಎಂದಳು ತಾಯಿ. ಅಷ್ಟೇ ಹೇಳಿದಳು.

ಗಾಡಿ ನಿಧಾನಿಸಿತು, ಯೋಚಿಸಿತು, ಮುಂದೆ ಹೋಯಿತು. ತಿರುವು ದಾಟಿತು!

ದೀಪ ಹಚ್ಚುವ ಹೊತ್ತಿಗೆ ಕುಮುದ ವಾಪಸ್ ಬಂದಳು. ತಲೆಗೂದಲು ಕೆದರಿತ್ತು. ಕುರ್ಚಿಯ ಗಾಲಿಗೆ ಕೆಂಪು ಮಣ್ಣು ಮೆತ್ತಿತ್ತು. ಏನನ್ನೋ ನೆನೆದು ಒಬ್ಬಳೇ ನಗುತ್ತಿದ್ದಳು. ಬೀದಿಗೆ ಬೀದಿಯೇ ಬಾಯಿ ಬಿಗಿಹಿಡಿದು ನಿಂತಿತ್ತು.

ತಡೆಯಲಾರದೆ ಹೋದವಳು ಗಂಗಜ್ಜಿ. "ಬಂದಾಯ್ತಲ್ಲ, ಈಗ ಕೇಳಬಹುದು! ಎಲ್ಲಿಗೇ ಹೋಗಿದ್ದೆ?"

ತೋಳುಗಳು ಹೊರಬಂದವು.

"ಏಯ್, ನಿನಗೆ ಕಲಿಸಿದವಳು ನಾನು ಕಣೋ!" ಎಂದು ಗಾಳಿಯಲ್ಲಿ ಕಾಲು ಬಡಿಯುತ್ತಲೇ ಅಜ್ಜಿ ಜಗಲಿಯ ಮೇಲೆ ಕೂತಳು. ನೀರು ಕುಡಿದಳು.

ಕುಮುದ ಎಲ್ಲಿಗೆ ಹೋಗಿದ್ದಳೆಂದು ಓದುವವರೂ ಕೇಳದಿರುವುದು ಒಳ್ಳೆಯದು. ಗಾಡಿಯ ಕಿವಿ ಬಹಳ ಚುರುಕು. ಜಗಲಿಯಲ್ಲಿ ಇನ್ನೂ ಜಾಗವಿದೆ.