ಅರ್ಜಿ ಹಾಕದ ಚಿಕ್ಕಮ್ಮನ ಇಂಟರ್‌ವ್ಯೂ

ನಮ್ಮ ಚಿಕ್ಕಮ್ಮನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಡಿಸೈನರ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಅದರಲ್ಲೇನು ಮಹಾ ಅನ್ನಬೇಡಿ. ಆಕೆ ಅರ್ಜಿಯನ್ನೇ ಹಾಕಿರಲಿಲ್ಲ!

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ತುರುವೇಕೆರೆಯಲ್ಲಿ ಆಕೆಯ ಹತ್ತಿರ ರವಿಕೆ ಹೊಲಿಸಿಕೊಳ್ಳದ ಹೆಂಗಸರು ಕಡಿಮೆ, ಹೊಲಿಸಿಕೊಂಡು ಬೈಸಿಕೊಳ್ಳದವರು ಇಲ್ಲವೇ ಇಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಮನೆ ನಡೆದದ್ದು ಮುಂದಿನ ಕೋಣೆಯ ಆ ಹೊಲಿಗೆ ಯಂತ್ರದಿಂದ. ಅಳತೆ ಟೇಪು ಗೋಡೆಯ ಮೊಳೆಗೆ ನೇತುಬಿದ್ದಿರುತ್ತದೆ, ಬರೀ ಅಲಂಕಾರಕ್ಕೆ. ಚಿಕ್ಕಮ್ಮ ಕಣ್ಣಲ್ಲೇ ಅಳೆಯುತ್ತಾಳೆ. ಬಸ್ಸಿನಿಂದ ಯಾರಾದರೂ ಇಳಿದರೆ ನಾವು ಮುಖ ನೋಡುತ್ತೇವೆ. ಚಿಕ್ಕಮ್ಮ ‘ಮೂವತ್ತೆಂಟು, ತೋಳು ಬಿಗಿಯಾಗೈತೆ, ಯಾವನು ಹೊಲಿದನೋ’ ಎನ್ನುತ್ತಾಳೆ.

ಒಮ್ಮೆ ಹಾಲ್ಕುರಿಕೆ ಕಡೆಯ ಒಬ್ಬರು ಸೊಸೆಯನ್ನು ಕರೆದುಕೊಂಡು ಬಂದರು. ರವಿಕೆಯ ಬೆನ್ನಿಗೆ ನವಿಲಿನ ಕಸೂತಿ ಬೇಕಂತೆ, ಗರಿ ಬಿಚ್ಚಿರಬೇಕಂತೆ. ಚಿಕ್ಕಮ್ಮ ಆ ಹುಡುಗಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, ‘ಬೆನ್ನ ಮೇಲೆ ನವಿಲು ಕೂತ್ರೆ ನೀನು ಒರಗೋದು ಎಲ್ಲಿ ತಾಯಿ?’ ಎಂದಳು. ನವಿಲು ಹಾರಿಹೋಯಿತು. ತೋಳಿನ ಅಂಚಿಗೆ ಎರಡು ಸಾಲು ಹಸಿರು ದಾರ ಬಂತು. ಅತ್ತೆ ಸೊಸೆ ಇಬ್ಬರಿಗೂ ಅದೇ ಹಿಡಿಸಿತು ಎನ್ನುವುದು ಬೇರೆ ಮಾತು!

ನನ್ನ ಮದುವೆಯ ಕತೆ ಕೇಳಿ. ಧಾರೆಯ ಹೊತ್ತಿಗೆ ನನ್ನ ರವಿಕೆಯ ಹುಕ್ಕು ಕಿತ್ತುಹೋಯಿತು. ಚಿಕ್ಕಮ್ಮ ಮಂಟಪಕ್ಕೆ ನುಗ್ಗಿ, ಸೆರಗಿಗೆ ಸದಾ ಚುಚ್ಚಿಕೊಂಡಿರುವ ಸೂಜಿ ತೆಗೆದು ಹೊಲಿಯಲು ಶುರುಮಾಡಿದಳು. ಪುರೋಹಿತರು ಮಂತ್ರ ನಿಲ್ಲಿಸಿದರು. ‘ನೀವು ಹೇಳ್ತಾ ಇರಿ ಸ್ವಾಮಿ, ನಂದು ಎರಡೇ ಟಾಕ’ ಎಂದಳು. ಇಂದಿಗೂ ನನ್ನ ಮದುವೆಯ ಆಲ್ಬಮ್ಮಿನಲ್ಲಿ ಮುಹೂರ್ತದ ಅಷ್ಟೂ ಫೋಟೋಗಳಲ್ಲಿ, ವಧೂವರರ ನಡುವೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡ ಚಿಕ್ಕಮ್ಮ ಇದ್ದಾಳೆ.

ಇಂಥವಳಿಗೆ ಒಬ್ಬಳೇ ಮಗಳು, ಪುಟ್ಟಿ. ತುಮಕೂರಿನಲ್ಲಿ ಫ್ಯಾಷನ್ ಡಿಸೈನಿಂಗ್ ಡಿಪ್ಲೊಮಾ ಮಾಡಿದಳು. ಅರ್ಜಿ ಹಾಕಿದ್ದು ಅವಳು, ತಿಪಟೂರಿನಲ್ಲಿ ಹೊಸದಾಗಿ ತೆರೆದ ಒಂದು ಬಟ್ಟೆ ಅಂಗಡಿಯ ಡಿಸೈನರ್ ಕೆಲಸಕ್ಕೆ. ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಒಂಬತ್ತನೆಯ ದಿನ ನಮ್ಮ ಪುಟ್ಟಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಅವಳಿಗೆ. ಇದನ್ನು ಬರೆಯುವಾಗಲೂ ನನಗೆ ದೇವರ ಮೇಲೆ ಕೋಪ ಬರುತ್ತದೆ.

ಮಗಳ ಫೋನನ್ನು ಚಿಕ್ಕಮ್ಮ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಅದು ಹೊಡೆದುಕೊಂಡಿತು. ಅಂಗಡಿಯವರು, ‘ಗುರುವಾರ ಇಂಟರ್‌ವ್ಯೂಗೆ ಬನ್ನಿ’ ಅಂದರಂತೆ. ಚಿಕ್ಕಮ್ಮ, ‘ಆಯ್ತು ಕಣ್ರೀ, ಬತ್ತೀವಿ’ ಅಂದಳಂತೆ.

ನನಗೆ ಸಿಟ್ಟೇ ಬಂತು. ‘ಏನ್ ಚಿಕ್ಕಮ್ಮ, ವಿಷಯ ಹೇಳಿ ಫೋನ್ ಇಡೋದಲ್ವಾ? ಈಗ ನೀನು ಹೋಗಿ ಏನ್ ಮಾಡ್ತೀಯಾ?’

ಚಿಕ್ಕಮ್ಮ ಗುಂಡಿ ಹೊಲಿಯುತ್ತಲೇ ಹೇಳಿದಳು: ‘ಅವಳು ಬಟ್ಟೆ ಚಿತ್ರ ಬರೀತಾ ಕೂತಾಗೆಲ್ಲ ನಾನು ಬೈತಿದ್ದೆ ಕಣೇ. ಹೊಲಿಯೋದು ಕಲಿ, ಬರ್ದಿದ್ದು ಯಾರು ಉಟ್ಕೋತಾರೆ ಅಂತಿದ್ದೆ. ಒಂದು ದಿನಾನೂ ಆ ಚಿತ್ರದ ಫೈಲು ತೆಗ್ದು ನೋಡ್ಲಿಲ್ಲ. ಅವಳಿಗೆ ಆ ಕೆಲಸ ಸಿಕ್ತಿತ್ತೋ ಇಲ್ವೋ, ಅಷ್ಟು ಗೊತ್ತಾಗ್ಬೇಕು ನಂಗೆ. ಗೊತ್ತಿರೋರು ನೋಡಿ ಹೇಳ್ಬೇಕು.’

ನಾನು ಎರಡು ದಿನ ರಜೆ ಹಾಕಿ ತುರುವೇಕೆರೆಯಲ್ಲೇ ಉಳಿದೆ, ತಯಾರಿ ಮಾಡಿಸಲು.

ಮೊದಲು ಫೈಲು ತೆರೆದೆವು. ಚಿತ್ರಗಳಲ್ಲಿನ ಹುಡುಗಿಯರಿಗೆ ಸೊಂಟದ ಕೆಳಗೆ ಕಾಲೋ ಕಾಲು. ಫ್ಯಾಷನ್ನಿನವರು ಹಾಗೆಯೇ ಬರೆಯುತ್ತಾರೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನೋಡಿ, ‘ಇವಳು ಮರ ಹತ್ತದೇನೆ ಎಳನೀರು ಕಿತ್ಕೋತಾಳೆ ಬುಡು!’ ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಆ ಹಾಳೆಯ ಮೂಲೆಯಲ್ಲಿ ಪುಟ್ಟಿಯ ಕೈಬರಹ ಕಂಡು ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿದಳು.

ನಾನು ಕುರ್ಚಿಯಲ್ಲಿ ಯಜಮಾನಿಯಂತೆ ಕುಳಿತು ಪ್ರಶ್ನೆ ಕೇಳಿದೆ.

‘ನಿಮ್ಮ ಬಗ್ಗೆ ಹೇಳಿ.’

‘ಅದೇನು ಗುಟ್ಟಾ? ಊರಿಗೇ ಗೊತ್ತು.’

‘ನಿಮ್ಮಲ್ಲಿರುವ ಒಂದು ಕೊರತೆ ಯಾವುದು?’

‘ಮಂಡಿ ನೋವು. ಬಿಪಿ ಬೇಕಾದ್ರೆ ಸೇರಿಸ್ಕೊ.’

‘ಗಿರಾಕಿ ನಿಮ್ಮ ಡಿಸೈನ್ ಒಪ್ಪದಿದ್ದರೆ?’

‘ಒಪ್ಪದೆ ಎಲ್ಲಿಗೆ ಹೋಗ್ತಾಳೆ? ಬಟ್ಟೆ ನನ್ ತಾವ ಇರ್ತದಲ್ಲ!’

ಮುಂದಿನ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಇಂಟರ್‌ವ್ಯೂಗಳಲ್ಲಿ ಎಲ್ಲರೂ ಕೇಳುತ್ತಾರಲ್ಲ ಎಂದು ಬಾಯಿಗೆ ಬಂದುಬಿಟ್ಟಿತು. ‘ಇನ್ನು ಐದು ವರ್ಷಕ್ಕೆ ಏನಾಗಿರುತ್ತೀರಿ?’

ಚಿಕ್ಕಮ್ಮ ಬೆರಳು ಮಡಿಸಿದಳು. ‘ಇಪ್ಪತ್ತೇಳು ಆಗಿರ್ತಿತ್ತು’ ಎಂದಳು. ಅವತ್ತಿನ ತಯಾರಿ ಅಲ್ಲಿಗೆ ಮುಗಿಯಿತು.

ಗುರುವಾರ ತಿಪಟೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಫೈಲು ಚಿಕ್ಕಮ್ಮನ ಮಡಿಲಲ್ಲಿತ್ತು. ನಾನು ಹಿಡಿದುಕೊಳ್ಳುತ್ತೇನೆಂದರೂ ಕೊಡಲಿಲ್ಲ. ಅಂಗಡಿಯ ಯಜಮಾನಿ ನಲವತ್ತರ ಆಸುಪಾಸಿನ ಹೆಂಗಸು, ಮುಖದಲ್ಲಿ ನಗು ಇತ್ತು. ‘ಅರ್ಜಿ ಹಾಕಿದ ಹುಡುಗಿ ಬರ್ಲಿಲ್ವಾ?’ ಎಂದರು.

‘ಅವಳಿಗೆ ಬರೋಕಾಗ್ಲಿಲ್ಲ. ನಾನು ಅವರಮ್ಮ, ನಂಗೂ ಹೊಲಿಗೆ ಬತ್ತದೆ. ಅದೇನು ಕೇಳ್ಬೇಕೋ ನನ್ನೇ ಕೇಳಿ’ ಎಂದಳು ಚಿಕ್ಕಮ್ಮ.

ಯಜಮಾನಿಗೆ ಮೋಜೆನಿಸಿತೇನೋ. ‘ಹಾಗಾದ್ರೆ ಒಂದು ರವಿಕೆ ಕತ್ತರಿಸಿ ತೋರಿಸಿ. ಮೂವತ್ತಾರರದು’ ಎಂದು ಒಂದು ತುಂಡು ಬಟ್ಟೆ, ಟೇಪು, ಕತ್ತರಿ ಕೊಟ್ಟರು. ಚಿಕ್ಕಮ್ಮ ಟೇಪನ್ನು ಪಕ್ಕಕ್ಕೆ ಸರಿಸಿದಳು. ಬಟ್ಟೆಯನ್ನು ಮಡಿಸಿ, ಗೇಣಿಟ್ಟು, ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಸರ್ರನೆ ಕತ್ತರಿಸಿದಳು. ಐದು ನಿಮಿಷವೂ ಹಿಡಿಯಲಿಲ್ಲ. ನನಗೆ ಹೆಮ್ಮೆಯಾಯಿತು.

ಯಜಮಾನಿ ಟೇಪು ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ‘ಕಟಿಂಗ್ ಬಹಳ ಚೆನ್ನಾಗಿದೆ ಅಮ್ಮ. ಆದ್ರೆ ಇದು ಮೂವತ್ತಾರಲ್ಲ, ಮೂವತ್ತೆರಡು. ಪಕ್ಕದಲ್ಲಿ ಮಾತ್ರ ಒಳಗೆ ಇಷ್ಟೊಂದು ಬಟ್ಟೆ ಬಿಟ್ಟಿದೀರಿ, ಯಾಕೆ?’

‘ತುಂಬ್ಕೊಳ್ಳೋ ವಯಸ್ಸು ಕಣ್ರೀ’ ಎಂದಳು ಚಿಕ್ಕಮ್ಮ, ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ. ‘ಮುಂದಕ್ಕೆ ಮೈ ಬಂದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೋಬೋದು.’

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿಯಿತು. ಬಸ್ಸಿಳಿದವರನ್ನೆಲ್ಲ ಇಂಚು ತಪ್ಪದೆ ಅಳೆಯುವ ಕಣ್ಣು ದಾರಿ ತಪ್ಪಿ ಪುಟ್ಟಿಯ ಅಳತೆಗೆ ಹೋಗಿತ್ತು. ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಚಿಕ್ಕಮ್ಮ ಮೆಲ್ಲಗೆ ಹೇಳಿದಳು: ‘ನನ್ ಮಗಳ ಅಳತೆ ಇದು. ಅವಳು ಹೋಗ್ಬುಟ್ಲು ಕಣ್ರೀ, ಆಷಾಢದಲ್ಲಿ. ತಪ್ಪು ತಿಳ್ಕೋಬೇಡಿ. ನಂಗೆ ಕೆಲಸ ಬ್ಯಾಡ. ಇದೊಂದು ನೋಡಿ ಹೇಳಿ, ಸಾಕು.’

ಯಜಮಾನಿ ಫೈಲು ತೆಗೆದುಕೊಂಡರು. ಒಂದೊಂದೇ ಹಾಳೆ ತಿರುಗಿಸಿದರು. ಎರಡು ಹಾಳೆಗಳಿಗೆ ಹಿಂದೆ ಹೋಗಿ ಮತ್ತೆ ನೋಡಿದರು. ಹೊರಗೆ ಗಿರಾಕಿಗಳು ಕರೆದರೂ ಏಳಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ‘ತಗೋತಿದ್ದೆ ಅಮ್ಮ. ನಿಮ್ಮಾಣೆ, ಯೋಚನೆನೇ ಮಾಡ್ದೆ ತಗೋತಿದ್ದೆ’ ಎಂದರು.

‘ಯಾವತ್ತಿಂದ ಬಾ ಅಂತಿದ್ರಿ?’

ಅವರು ಫೈಲು ಮುಚ್ಚಿ ಚಿಕ್ಕಮ್ಮನ ಕೈಗಿಟ್ಟರು. ‘ಸೋಮವಾರದಿಂದಲೇ’ ಎಂದರು.

ಚಿಕ್ಕಮ್ಮ ತಲೆಯಾಡಿಸಿ, ಕೈ ಮುಗಿದು ಎದ್ದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಭಯವಾಯಿತು.

‘ಸೋಮವಾರದಿಂದ ಅಂತೆ ಕಣೇ! ಊರೋರ್ದೆಲ್ಲ ಹೊಲಿಯೋದ್ರಲ್ಲಿ ಅವಳ್ದು ಯಾವಾಗ್ಲೂ ಕೊನೇಗೆ ಹಾಕ್ತಿದ್ದೆ. ಹಾಕ್ಕೊಂಡು ಹೋಗೋಕೆ ಒಂದು ಒಳ್ಳೆ ಚೂಡಿದಾರನೂ ಇಲ್ಲ ಅವಳ ತಾವ. ಇನ್ನು ನಾಲ್ಕೇ ದಿನ. ಹೊಲಿದುಕೊಡ್ಲಾ?’

‘ಹೊಲಿ ಚಿಕ್ಕಮ್ಮ’ ಎಂದೆ. ಬಸ್ಸುಗಳು ಬಂದವು, ಹೋದವು. ಅಷ್ಟು ಜನರ ನಡುವೆ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗಟ್ಟಿಯಾಗಿ ಅತ್ತೆವು.