ಅಕ್ಕ ಆರಿಸಿದ ರಕ್ತಕಣದ ಅಟ್ಲಾಸ್

ನಮ್ಮಕ್ಕ ಮನುಷ್ಯರ ಮುಖ ಮರೆಯುತ್ತಾಳೆ, ರಕ್ತ ಮರೆಯುವುದಿಲ್ಲ! ಮದುವೆ ಮನೆಯಲ್ಲಿ ನಮಸ್ಕಾರ ಹೇಳಿದವರನ್ನು ಮಿಕಿಮಿಕಿ ನೋಡಿ, "ಓ, ನೀವಾ! ಪ್ಲೇಟ್‌ಲೆಟ್ ಈಗ ಹೆಂಗದಾವ್ರಿ?" ಎಂದು ಇಡೀ ಪಂಕ್ತಿಗೆ ಕೇಳುವಂತೆ ವಿಚಾರಿಸುತ್ತಾಳೆ. ಹರಿಹರದ ಲ್ಯಾಬೊಂದರಲ್ಲಿ ಇಪ್ಪತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವಳು ಇನ್ನೇನು ಕೇಳಿಯಾಳು?

ಅದಿರಲಿ, ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನನ್ನ ಮಗಳು ಈ ವರ್ಷ ದಾವಣಗೆರೆಯಲ್ಲೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಳು. ರಕ್ತಕಣ ಗುರುತಿಸಲು ಚಿತ್ರಗಳ ಅಟ್ಲಾಸ್ ಬೇಕಂತೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಹೆತ್ತವಳು ಬೇರೆ! ಪಳಪಳ ಹೊಳೆಯುವ ಒಂದನ್ನು ಆಗಲೇ ನೋಡಿಟ್ಟಿದ್ದೆ. ಇವಳು, "ದೊಡ್ಡಮ್ಮ ಬಂದು ಆರಿಸ್ಲಿ ಬಿಡಮ್ಮ, ನಿಂಗೆ ಗೊತ್ತಾಗಲ್ಲ" ಅಂದುಬಿಟ್ಟಳು. ಗೊತ್ತಾಗಲ್ಲವಂತೆ! ಇವಳ ಮೂಗು ಒರೆಸಿದ್ದು ಯಾರು, ದೊಡ್ಡಮ್ಮನಾ?

ದೊಡ್ಡಮ್ಮ ಬಂದಳು, ಹರಿಹರದ ಬಸ್ಸಿನಲ್ಲಿ, ತೊಡೆಯ ಮೇಲೆ ತನ್ನ ಹಳೆಯ ಸೂಕ್ಷ್ಮದರ್ಶಕ ಕೂರಿಸಿಕೊಂಡು. "ಅಕ್ಕಾರ, ಇದಕ್ಕ ಲಗೇಜ್ ಟಿಕೆಟ್ ತಗೊಳ್ರಿ" ಎಂದ ಕಂಡಕ್ಟರಿಗೆ, "ಇದೂ ಹೆಣ್ಣೇ ರೀ, ಫ್ರೀ!" ಅಂದಳಂತೆ. ಮಗಳು ಬಿದ್ದು ಬಿದ್ದು ನಕ್ಕಳು. ನನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ದಿನವಾಯಿತೋ.

ಮೂವರೂ ಹೋದ ವಿದ್ಯಾನಗರದ ಪುಸ್ತಕದಂಗಡಿಯಲ್ಲಿ ಅಕ್ಕ ಸೂಕ್ಷ್ಮದರ್ಶಕವನ್ನು ಗಲ್ಲಾದ ಪಕ್ಕದಲ್ಲೇ ಪ್ರತಿಷ್ಠಾಪಿಸಿ, ಚೀಲದಿಂದ ಒಂದು ಹಳೆಯ ಗಾಜಿನ ಸ್ಲೈಡ್ ತೆಗೆದಳು. ಸ್ಲೈಡ್ ನೋಡುವುದು, ಪುಸ್ತಕ ತೆರೆಯುವುದು, "ಬ್ಯಾಡ" ಎಂದು ಮುಚ್ಚುವುದು! ನಡುವೆ ಚಿತ್ರದ ಹೆಸರನ್ನು ಹೆಬ್ಬೆರಳಲ್ಲಿ ಮುಚ್ಚಿ, "ಇದ್ಯಾವ ಕಣ, ಹೇಳ್ರಿ ಸಾಹೇಬ್ರೆ?" ಎಂದು ಅಂಗಡಿಯವರಿಗೇ ಪರೀಕ್ಷೆ.

"ನಾನು ಬುಕ್ ಮಾರೋನು ಮೇಡಂ, ಓದೋನಲ್ಲ" ಎಂದರು ಅವರು. ಐದನೇ ಪುಸ್ತಕದ ಹೊತ್ತಿಗೆ ಪಾಪ, "ನ್ಯೂಟ್ರೋಫಿಲ್?" ಎಂದು ಸರಿಯುತ್ತರ ಕೊಟ್ಟರು!

ನಾನು ಮೆಚ್ಚಿಟ್ಟಿದ್ದಕ್ಕೂ "ಬ್ಯಾಡ, ಇದ್ರಾಗಿನ ಕಣ ಎಲ್ಲ ಸಿಂಗಾರ ಮಾಡ್ಕೊಂಡ್ ಕುಂತಾವೆ" ಅಂದಾಗ ತಡೆಯಲಾಗಲಿಲ್ಲ. "ಮಗಳ ಮುಂದೆ ನನ್ನ ಮರ್ಯಾದೆ ಕಳೆಯೋಕೇ ಬಂದ್ಯಾ?"

ಅಕ್ಕ ನನ್ನ ತಲೆ ಹಿಡಿದು ಸೂಕ್ಷ್ಮದರ್ಶಕಕ್ಕೆ ಬಗ್ಗಿಸಿದಳು. ದೊಡ್ಡ ದೊಡ್ಡ ನೀಲಿ ಕಣಗಳು ಕಂಡವು.

"ಇದು ನಿನ್ನ ರಕ್ತ. ಇವ್ಳು ಕೂಸಿದ್ದಾಗ ನಿಂಗೆ ಜ್ವರ ಬಂದು ಆಸ್ಪತ್ರೆಯಾಗ ಮಲಗಿದ್ಯಲ್ಲ, ಆವಾಗಿಂದು. ನಾನಿನ್ನೂ ಹೊಸಬಿ. ನನ್ನ ಪುಸ್ತಕದಾಗ ಇಂಥ ಕಣದ್ದು ಒಂದೇ ಚಿತ್ರ ಇತ್ತು, ಬ್ಲಡ್ ಕ್ಯಾನ್ಸರಿಂದು. ಡಾಕ್ಟ್ರು ಬಂದು 'ಜ್ವರಕ್ಕೂ ಹಿಂಗೇ ಊದ್ಕೊಂತಾವೆ ಬಿಡಮ್ಮ' ಅನ್ನೋ ತನಕ ನಿನ್ನ ಕೂಸು, ನಾನು ಇಬ್ರೂ ಅತ್ಕೊಂತ ಕುಂತಿದ್ವಿ. ಜ್ವರದ್ದು, ಕ್ಯಾನ್ಸರಿಂದು ಎರಡೂ ಎದುರುಬದುರು ಇರೋ ಪುಸ್ತಕ ಬೇಕು ನಂಗೆ. ಇವ್ಳು ಯಾರನ್ನೂ ಸುಮ್ಸುಮ್ನೆ ಅಳಿಸಬಾರ್ದು."

ಅಂದರೆ ಆ ದಿನ ನನ್ನ ಮಗಳ ಮೂಗು ಒರೆಸಿದ್ದು ದೊಡ್ಡಮ್ಮನೇ.

ಅಂಗಡಿಯ ಸಾಹೇಬರು ಸದ್ದಿಲ್ಲದೆ ಒಳಗೆ ಹೋಗಿ, ಮಾಸಲು ರಟ್ಟಿನ ಒಂದು ಪುಸ್ತಕ ತಂದರು. ಅದರಲ್ಲಿ ಎರಡೂ ಚಿತ್ರಗಳು ಎದುರುಬದುರು ಇದ್ದವು. ಹರಿಹರದ ಬಸ್ಸಿನವರೆಗೆ ಸೂಕ್ಷ್ಮದರ್ಶಕವನ್ನು ನಾನೇ ಹೊತ್ತೆ. ಸ್ಲೈಡನ್ನು ಮಾತ್ರ ಅಕ್ಕ ನನ್ನ ಕೈಗೆ ಕೊಡಲಿಲ್ಲ. "ನೀ ಒಡೆದು ಹಾಕ್ತಿ" ಎಂದು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.