ಪುಟ್ಟಯ್ಯನವರ ಮೈಕಿಗೊಂದು ಚುನಾವಣೆ

ಟೀ ತೋಟಗಳ ಊರು ನಡುವಟ್ಟದ ಬೇಕರಿ ಜಗದೀಶನಿಗೆ ಅಧ್ಯಕ್ಷನಾಗುವ ಆಸೆ ಎಳ್ಳಷ್ಟೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಮೈಕು. ಆದರೆ ಊರಿನ ಕ್ರೀಡಾ ಸಂಘದಲ್ಲಿ ಮೈಕು ಹಿಡಿಯುವ ಹಕ್ಕು ಅಧ್ಯಕ್ಷರಿಗೆ ಮಾತ್ರ ಇತ್ತು.

ಅದು ಅಂತಿಂಥ ಮೈಕಲ್ಲ. ಇದೇ ಊರಲ್ಲಿ ಹುಟ್ಟಿ, ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳಿ ಹೆಸರು ಮಾಡಿದ ಪುಟ್ಟಯ್ಯನವರು ಸಾಯುವ ಮುಂಚೆ ಸಂಘಕ್ಕೆ ಕೊಟ್ಟುಹೋದದ್ದು. ಪುಟ್ಟಯ್ಯನವರ ಮಾತು ಕೇಳಿದರೆ ಗೋಲು ಹೊಡೆದವನಿಗಿಂತ ಗೋಲು ಬಿಟ್ಟವನ ಮೇಲೆ ಪ್ರೀತಿ ಉಕ್ಕುತ್ತಿತ್ತು. "ಗೆದ್ದವರಿಗೆ ಕಪ್ ಇದೆ, ಸೋತವರಿಗೆ ನಾನಿದ್ದೀನಿ" ಎನ್ನುತ್ತಿದ್ದರು. ಆ ದನಿ ಕೇಳಿಕೊಂಡೇ ಬೆಳೆದ ಜಗದೀಶ ಈಗಲೂ ಒಲೆಯ ಮುಂದೆ ನಿಂತು ಬನ್ನುಗಳಿಗೆ ಕಾಮೆಂಟರಿ ಹೇಳುತ್ತಿದ್ದ. "ಬನ್ ಸೀದು ಹೋಗ್ತಿದೆ, ಅದನ್ನೂ ಹೇಳಿ" ಎಂದು ಹೆಂಡತಿ ವೀಣಾ ಗೊಣಗುತ್ತಿದ್ದಳು.

ವರ್ಷಕ್ಕೊಮ್ಮೆ ಪುಟ್ಟಯ್ಯನವರ ನೆನಪಿಗೆ ಪಂದ್ಯ ನಡೆಯುತ್ತಿತ್ತು. ಕಾಮೆಂಟರಿ ಅಧ್ಯಕ್ಷ ಮಾದನ್‌ರದು. "ಬಾಲು ಹೋಯ್ತು. ಬಂತು. ಮತ್ತೆ ಹೋಯ್ತು." ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ಕೂಗುವವರಿಗೆ ಇದಕ್ಕಿಂತ ಹುರುಪಿರುತ್ತದೆ. ಕೇಳಿದಾಗಲೆಲ್ಲ ಜಗದೀಶನಿಗೆ ಹೊಟ್ಟೆ ಉರಿಯುತ್ತಿತ್ತು. ಮಾದನ್ ಅಧ್ಯಕ್ಷರಾಗುತ್ತಿದ್ದ ರೀತಿಯೋ ಇನ್ನೂ ಸುಲಭದ್ದು. ಸಭೆಯಲ್ಲಿ ಯಾರಾದರೊಬ್ಬರು "ಮಾದಣ್ಣನೇ ಇರ್ಲಿ" ಅನ್ನುವುದು, ಟೀ ಆರಿಹೋಗುತ್ತದೆಂದು ಉಳಿದವರು ಚಪ್ಪಾಳೆ ತಟ್ಟಿಬಿಡುವುದು.

ಈ ಸಲ ಪಂದ್ಯದ ದಿನ ಬೆಳಗಿನ ಸಭೆಯಲ್ಲಿ ಜಗದೀಶ ಎದ್ದು ನಿಂತ. "ಇದ್ಯಾವ ನ್ಯಾಯ? ನಾನೂ ನಿಲ್ತೀನಿ. ಓಟು ಹಾಕಿಸಿ!"

ಸಭೆ ಕಕ್ಕಾಬಿಕ್ಕಿಯಾಯಿತು. ಓಟಿಗೆ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಕರೆಯದಿದ್ದರೂ ಎಲ್ಲ ಕಡೆ ತಲೆಹಾಕುವ ಪಕ್ಕದ್ಮನೆ ವಸಂತಾಮಣಿ ಕೂತಲ್ಲಿಂದಲೇ ಕೂಗಿದಳು: "ಊರು ತುಂಬಾ ಟೀ ಎಲೆ ಇಲ್ವಾ? ಇಬ್ರಿಗೂ ಒಂದೊಂದು ಚೀಲ ಇಡಿ. ಯಾರು ಬೇಕೋ ಅವ್ರ ಚೀಲಕ್ಕೆ ಒಂದು ಕುಡಿ ಹಾಕ್ಲಿ!"

ಹಾಗೇ ಆಯಿತು. ಪರದೆಯ ಹಿಂದೆ ಹೋಗಿ ಒಬ್ಬೊಬ್ಬರೇ ಕುಡಿ ಹಾಕಿ ಬಂದರು. ಎಣಿಸುವ ಕೆಲಸ ಆರುಮುಗಂನದು. ಫ್ಯಾಕ್ಟರಿಗೆ ದಿನಾ ತೋಟತೋಟದಿಂದ ಎಲೆ ಕೊಳ್ಳುವವನು ಅವನೇ.

"ಎಣಿಸೋದು ನಮ್ಗೂ ಗೊತ್ತಾಗ್ಬೇಕಲ್ಲ! ಜಗದೀಶಾ, ನೀನೇ ಮೈಕಲ್ಲಿ ಹೇಳು" ಎಂದಳು ವಸಂತಾಮಣಿ.

"ನಾನೇ ನಿಂತಿದ್ದೀನಲ್ಲಮ್ಮ, ಅದು ಸರಿಯಾಗುತ್ತಾ?"

"ಪುಟ್ಟಯ್ಯನೋರ ಥರ ನ್ಯಾಯವಾಗಿ ಹೇಳು, ಯಾರು ಬೇಡ ಅಂದ್ರು?"

ಮೈಕು ಕೈಗೆ ಬಂದದ್ದೇ ತಡ, ತಾನು ಅಭ್ಯರ್ಥಿ ಅನ್ನುವುದು ಜಗದೀಶನಿಗೆ ಮರೆತೇಹೋಯಿತು.

ಆರುಮುಗಂ ಮಾದನ್‌ರ ಚೀಲ ಸುರಿದ. ಕೈ ತನ್ನ ಪಾಡಿಗೆ ದಿನದ ಕೆಲಸ ಶುರುಮಾಡಿತು. "ಇದು ಬಲಿತ ಎಲೆ. ಇದ್ರಲ್ಲಿ ನೀರಿದೆ. ಇದು ಫ್ಯಾಕ್ಟರೀಲಿ ಓಡಲ್ಲ" ಎನ್ನುತ್ತ ಮತಗಳನ್ನು ಎತ್ತೆತ್ತಿ ಆಚೆಗೆ ಎಸೆಯತೊಡಗಿದ. ಜಗದೀಶನ ಚೀಲದಲ್ಲಿ ಮಾತ್ರ ಎಲ್ಲ ಎಳೆ ಕುಡಿಗಳೇ. ಸುಮ್ಮನಿದ್ದಿದ್ದರೆ ಭಾರೀ ಗೆಲುವು. ಆದರೆ ಪುಟ್ಟಯ್ಯನವರ ಮೈಕು ಹಿಡಿದು ಸುಮ್ಮನಿರುವುದು ಹೇಗೆ?

"ಪ್ರಿಯ ಕೇಳುಗರೇ, ರೆಫರಿ ತಪ್ಪು ಮಾಡಿದ್ದಾರೆ! ಎಲೆ ಬಲಿತಿರಬಹುದು, ಓಟು ಓಟೇ!"

ಸಭೆ ಶಿಳ್ಳೆ ಹೊಡೆಯಿತು. ಆರುಮುಗಂ ನಾಲಗೆ ಕಚ್ಚಿಕೊಂಡು ಎಸೆದ ಎಲೆಗಳನ್ನೆಲ್ಲ ಹೆಕ್ಕಿ ತಂದ. ಜಗದೀಶನ ಮುನ್ನಡೆ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತ ಬಂತು. ಕಡೆಗೆ ಒಂದೇ ಒಂದು ಕುಡಿಯಿಂದ ಗೆದ್ದ.

ಅಲ್ಲಿಗಾದರೂ ಬಾಯಿ ಮುಚ್ಚಬಹುದಿತ್ತು. ಆದರೆ ಸೋತವನ ಬಗ್ಗೆ ನಾಲ್ಕು ಮಾತು ಆಡದೆ ಪುಟ್ಟಯ್ಯನವರು ಎಂದಾದರೂ ಮೈಕು ಕೆಳಗಿಟ್ಟದ್ದುಂಟೇ?

"ನೋಡಿ ನಮ್ಮ ಮಾದನ್‌ರನ್ನ! ಇಷ್ಟು ವರ್ಷ ಮಳೇಲಿ ನೆಂದು ಮೈದಾನಕ್ಕೆ ಗೆರೆ ಎಳೆದ ಕೈ ಇವತ್ತು ಖಾಲಿ! ಮಂಜಲ್ಲಿ, ಒಬ್ಬರೇ, ಬರಿಗೈಲಿ ಮನೆಗೆ ಹೊರಟಿದ್ದಾರೆ..."

ಮಾದನ್ ಎಲ್ಲಿಗೂ ಹೊರಟಿರಲಿಲ್ಲ, ವರ್ಕಿ ಬಿಸ್ಕತ್ತು ಕಚ್ಚುತ್ತ ಕೂತಿದ್ದರು. ಆದರೂ ತಮ್ಮ ಗತಿ ಕೇಳಿ ಅವರಿಗೇ ದುಃಖ ತಡೆಯಲಾಗದೆ ಕರ್ಚೀಫು ತೆಗೆದರು. ಜಗದೀಶನೂ ಶರ್ಟಿನ ತೋಳಿಗೆ ಕಣ್ಣೊರೆಸಿಕೊಂಡ.

ವಸಂತಾಮಣಿ ಸೆರಗಿನಿಂದ ಮೂಗೊರೆಸಿಕೊಂಡಳು. "ಪಾವಂ, ಪಾಪ ಮಾದಣ್ಣ! ಆ ಬರಿಗೈಗೆ ಮೈಕಾದ್ರೂ ಕೊಡ್ರಪ್ಪಾ!"

"ಕೊಡಿ! ಕೊಡಿ!" ಎಂದು ಸಭೆಯೇ ಎದ್ದು ನಿಂತಿತು.

"ಮೈಕು ಅಧ್ಯಕ್ಷರಿಗೇ ಅಂತ ಪದ್ಧತಿ..." ಜಗದೀಶ ತೊದಲಿದ.

"ಅಧ್ಯಕ್ಷ ನೀನೇ ಅಲ್ವಾ? ನೀನು ಬದಲಾಯ್ಸಿದ್ರೆ ಮುಗೀತು!" ಎಂದಳು ವಸಂತಾಮಣಿ.

ಅಷ್ಟು ಒದ್ದೆ ಕಣ್ಣುಗಳ ಎದುರು ಅವನು ಕರುಳು ಕಿತ್ತು ಕೊಟ್ಟಂತೆ ಮೈಕು ಕೊಟ್ಟ.

ಮಧ್ಯಾಹ್ನ ಪಂದ್ಯದಲ್ಲಿ ಜಗದೀಶ ಶಾಲು ಹೊದ್ದು ಅತಿಥಿಗಳ ಪಕ್ಕ ಕೂತು "ಬಾಲು ಹೋಯ್ತು, ಬಂತು" ಕೇಳುತ್ತ ಹಲ್ಲು ಕಚ್ಚಿದ್ದ. ವಿರಾಮದಲ್ಲಿ ಮಾದನ್ ವೇದಿಕೆಯತ್ತ ತಿರುಗಿದರು. "ಈಗ ನೂತನ ಅಧ್ಯಕ್ಷರ ಭಾಷಣ."

ಜಗದೀಶ ಧಡಕ್ಕನೆ ಎದ್ದು, ಶಾಲು ಸರಿಮಾಡಿಕೊಂಡು ಕೈ ಚಾಚಿದ.

"ಪಾಪ, ಬೆಳಿಗ್ಗೆ ನನಗೋಸ್ಕರ ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿದೆ" ಎಂದರು ಮಾದನ್, ಮೈಕನ್ನು ಎದೆಗೊತ್ತಿಕೊಂಡು. "ಅವರ ಭಾಷಣಾನೂ ನಾನೇ ಮಾಡ್ಬಿಡ್ತೀನಿ."